ರಾತ್ರಿ ಪಾಳಿಯವರನ್ನು ಹಗಲು ಮಲಗಲು ಬಿಡಿ

"ಹಗಲೆಲ್ಲ ಮಲಗೇ ಇರ್ತಾರೆ ಡಾಕ್ಟ್ರೇ, ಆದ್ರೂ ಸುಸ್ತು ಅಂತಾರೆ. ಏನಾದ್ರೂ ಟಾನಿಕ್ ಬರೆದುಕೊಡಿ."

ಪಾಳಿಯಲ್ಲಿ ದುಡಿಯುವವರ ಆರೋಗ್ಯ ನೋಡುವುದು ನನ್ನ ಕೆಲಸ. ಈ ಮಾತು ಕೇಳಿ ಕೇಳಿ ಸಾಕಾಗಿದೆ. ಹೇಳುವವರು ಹೆಚ್ಚಾಗಿ ಹೆಂಡತಿ, ಇಲ್ಲವೇ ತಾಯಿ. ಪಕ್ಕದಲ್ಲಿ ಆಸಾಮಿ ತಲೆ ತಗ್ಗಿಸಿ ಕೂತಿರುತ್ತಾರೆ, ಏನೋ ತಪ್ಪು ಮಾಡಿ ಸಿಕ್ಕಿಬಿದ್ದವರ ಹಾಗೆ. ಹೊತ್ತಿಗೆ ಸರಿಯಾಗಿ ಉಣ್ಣುವುದಿಲ್ಲ, ಹೊಟ್ಟೆ ಬಂದಿದೆ, ಮಾತೆತ್ತಿದರೆ ರೇಗುತ್ತಾರೆ, ನೆಂಟರ ಮನೆಗೆ ಕರೆದರೆ ಬರುವುದಿಲ್ಲ. ಇದೆಲ್ಲ ಅವರ ಸ್ವಭಾವ ಎಂದು ಮನೆಯವರು ತೀರ್ಮಾನಿಸಿ ಆಗಿರುತ್ತದೆ. ಇದರಲ್ಲಿ ಸ್ವಭಾವ ಎಷ್ಟು, ಕೆಲಸದ ವೇಳೆ ಎಷ್ಟು ಎಂದು ಯಾರೂ ಯೋಚಿಸಿರುವುದಿಲ್ಲ.

ಇಟಲಿಯ ವೈದ್ಯ ಬರ್ನಾರ್ಡಿನೋ ರಾಮಾಝಿನಿ 1700ರಲ್ಲಿ ಕಸುಬಿನಿಂದ ಬರುವ ಕಾಯಿಲೆಗಳ ಬಗ್ಗೆ ಪುಸ್ತಕ ಬರೆದ. ರೋಗಿಯನ್ನು 'ನೀನು ಏನು ಕೆಲಸ ಮಾಡುತ್ತೀಯ?' ಎಂದೂ ಕೇಳಿ ಎಂದು ವೈದ್ಯರಿಗೆ ಹೇಳಿದ. 'ಎಷ್ಟು ಹೊತ್ತಿಗೆ ಮಾಡುತ್ತೀಯ?' ಎಂದೂ ನಾನು ಕೇಳುತ್ತೇನೆ.

ಒಂದು ವಿಷಯ ಮಾತ್ರ ಬಿಡಿಸಿ ಹೇಳಿಬಿಡುತ್ತೇನೆ. ರಾತ್ರಿ ಏಳು ತಾಸು ಮಲಗುವುದಕ್ಕೆ ಹಗಲು ಏಳು ತಾಸು ಮಲಗುವುದು ಸಮವಲ್ಲ. ನಮ್ಮ ಮೆದುಳಿನಲ್ಲಿ ಒಂದು ಗಡಿಯಾರ ಇದೆ. ಕಣ್ಣಿಗೆ ಬೀಳುವ ಬೆಳಕು ಅದನ್ನು ದಿನಾ ತಿದ್ದುತ್ತದೆ. ಅದರ ಲೆಕ್ಕದಲ್ಲಿ ಮೈಯ ಬಿಸಿ ಬೆಳಗಿನ ಜಾವ ನಾಲ್ಕೈದು ಗಂಟೆಯ ಸುಮಾರಿಗೆ ತೀರ ಕೆಳಗಿಳಿದು, ಆಮೇಲೆ ಏರುತ್ತಾ ಹೋಗುತ್ತದೆ. ರಾತ್ರಿ ಪಾಳಿ ಮುಗಿಸಿದವರು ದಿಂಬಿಗೆ ತಲೆ ಕೊಡುವುದು ಅದು ಏರುವ ಹೊತ್ತಿನಲ್ಲಿ. ದಣಿವು 'ಮಲಗು' ಅನ್ನುತ್ತದೆ, ಗಡಿಯಾರ 'ಏಳು' ಅನ್ನುತ್ತದೆ. ಮಧ್ಯಾಹ್ನದ ಹೊತ್ತಿಗೆ ಗಡಿಯಾರವೇ ಗೆಲ್ಲುತ್ತದೆ. ಉಳಿದ ಹೊತ್ತು ಸುಮ್ನೆ ಹೊರಳಾಡುವುದು. ಹೊರಗಿನಿಂದ ನೋಡಿದವರಿಗೆ ಅದೂ ನಿದ್ದೆಯೇ!

"ವರ್ಷಗಳಿಂದ ಮಾಡ್ತಿದ್ದಾರಲ್ಲ, ಅಭ್ಯಾಸ ಆಗಲ್ವಾ?" ಬಹಳ ಜನಕ್ಕೆ ಪೂರ್ತಿಯಾಗಿ ಆಗುವುದಿಲ್ಲ. ಮನೆಗೆ ಬರುವ ದಾರಿಯಲ್ಲೇ ಬೆಳಗಿನ ಬಿಸಿಲು ಗಡಿಯಾರವನ್ನು ಹಗಲಿನ ಲೆಕ್ಕಕ್ಕೇ ಎಳೆಯುತ್ತದೆ. ರಜೆ ಬಂತೆಂದರೆ ಮತ್ತೆ ಹಗಲಿನವರಾಗುತ್ತಾರೆ. ಊಟದ್ದೂ ಇದೇ ಕಥೆ. ಹಗಲು ಉಂಡದ್ದನ್ನೇ ನಡುರಾತ್ರಿ ಉಂಡರೆ ರಕ್ತದ ಸಕ್ಕರೆ ಸಾಮಾನ್ಯವಾಗಿ ಜಾಸ್ತಿ ಏರುತ್ತದೆ. ಹಾಗಾಗಿ ಬಂದ ಹೊಟ್ಟೆಗೆ ಬಾಯಿಚಪಲ ಒಂದನ್ನೇ ದೂರಬೇಡಿ.

ಒಬ್ಬ ನರ್ಸ್ ಇದ್ದರು. ರಾತ್ರಿಯೆಲ್ಲ ವಾರ್ಡಿನಲ್ಲಿ ನಿಂತು, ಮನೆಗೆ ಬಂದು ಅಡುಗೆ ಮಾಡಿ, ಮಕ್ಕಳನ್ನು ಶಾಲೆಗೆ ಕಳಿಸಿ ಮಲಗಿದರೆ, ಗಂಟೆ ಕಳೆಯುವುದರೊಳಗೆ ಅತ್ತೆ ಕದ ತಟ್ಟುತ್ತಿದ್ದರು. "ಏಳಮ್ಮ, ನಿನ್ನ ಫೋನ್ ಹೊಡ್ಕೋತಾ ಇದೆ." ಅತ್ತೆ ಕೆಟ್ಟವರಲ್ಲ, ಸೊಸೆಯ ಸುಸ್ತು ನೋಡಲಾರದೆ ನನ್ನ ಬಳಿಗೆ ಕರೆತಂದವರೇ ಅವರು. "ರಾತ್ರಿ ಎರಡು ಗಂಟೆಗೆ ನಿಮ್ಮನ್ನು ಹೀಗೆ ಎಬ್ಬಿಸಿದರೆ ಹೇಗಮ್ಮ?" ಎಂದೆ. "ಅಯ್ಯೋ, ಎರಡು ಗಂಟೆಗೆ ಯಾರಾದ್ರೂ ಎಬ್ಬಿಸ್ತಾರಾ!" ಎಂದವರು, ಸ್ವಲ್ಪ ಹೊತ್ತು ಬಿಟ್ಟು ತಾವೇ ನಕ್ಕರು. ಈಗ ಸೊಸೆ ಮಲಗಿದಾಗ ಬಾಗಿಲಿಗೆ ಕಾವಲು ಅವರೇ ಅಂತೆ, ಗಂಡನೂ ಒಳಗೆ ಹೋಗುವ ಹಾಗಿಲ್ಲ!

ಮಲಗುವ ಕೋಣೆಗೆ ದಪ್ಪ ಪರದೆ ಹಾಕಿ. ಫೋನ್ ಹೊರಗಿರಲಿ. ಕಾಫಿ ಪಾಳಿಯ ಮೊದಲರ್ಧದಲ್ಲೇ ಮುಗಿಯಲಿ, ಅದರ ಪ್ರಭಾವ ಗಂಟೆಗಟ್ಟಲೆ ಉಳಿಯುತ್ತದೆ. ರಜೆಯ ದಿನವೂ ಒಂದೆರಡು ಗಂಟೆಯಾದರೂ ಪಾಳಿಯ ದಿನ ಮಲಗುವ ಹೊತ್ತಿಗೇ ಮಲಗಿ ನೋಡಿ. ತೂಕಡಿಸುತ್ತಾ ಗಾಡಿ ಓಡಿಸಬೇಡಿ. ಪಾಳಿ ಬದಲಾಗುತ್ತಿದ್ದರೆ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಎನ್ನುವ ಕ್ರಮ ಸಾಮಾನ್ಯವಾಗಿ ಮೈಗೆ ಹಗುರ. ಅದು ನಿಮ್ಮ ಕೈಯಲ್ಲಿಲ್ಲ ಅಂತ ಗೊತ್ತು, ಆದರೂ ಮೇಲಿನವರನ್ನು ಒಮ್ಮೆ ಕೇಳಿ ನೋಡಿ. ನಿದ್ದೆ ಮಾತ್ರೆಯನ್ನು ನೀವೇ ತೆಗೆದುಕೊಳ್ಳಬೇಡಿ. ಸುಸ್ತಿಗೆಲ್ಲ ಪಾಳಿಯೇ ಕಾರಣ ಅಂತಲೂ ನಾನು ಹೇಳುತ್ತಿಲ್ಲ. ಥೈರಾಯ್ಡ್, ರಕ್ತಹೀನತೆ, ಗೊರಕೆಯ ಜೊತೆ ಉಸಿರು ನಿಲ್ಲುವುದು, ಇವನ್ನೆಲ್ಲ ಪರೀಕ್ಷೆ ಮಾಡದೆ ಹೇಳಲು ಬರುವುದಿಲ್ಲ.

ಆದ್ದರಿಂದ ವೈದ್ಯರ ಹತ್ತಿರ ಹೋಗುವಾಗ ರಕ್ತ ಪರೀಕ್ಷೆಯ ರಿಪೋರ್ಟ್ ಜೊತೆಗೆ ಪಾಳಿಯ ಪಟ್ಟಿಯನ್ನೂ ಒಯ್ಯಿರಿ. ಎಷ್ಟು ಹೊತ್ತಿಗೆ ಮಲಗಿದಿರಿ, ಯಾವಾಗ ಎಚ್ಚರವಾಯಿತು, ಎಬ್ಬಿಸಿದ್ದು ಯಾರು ಎಂದು ಎರಡು ವಾರ ಬರೆದಿಟ್ಟಿದ್ದರೆ ಇನ್ನೂ ಒಳ್ಳೆಯದು.