ವಿಚ್ಛೇದನದ ಕೇಸು: ವಕೀಲರ ಫೀಸು ಯಾರ ತಲೆಗೆ?

ಪ್ರಶ್ನೆ: ಗಂಡ ವಿಚ್ಛೇದನಕ್ಕೆ ಕೇಸು ಹಾಕಿದ್ದಾರೆ. ನನಗೆ ಸಂಪಾದನೆಯಿಲ್ಲ, ತವರಿನಲ್ಲಿದ್ದೇನೆ. ವಕೀಲರ ಫೀಸು, ಕೋರ್ಟಿಗೆ ಓಡಾಡುವ ಖರ್ಚು ಯಾರು ಕೊಡಬೇಕು? ಕೇಸು ಗೆದ್ದರೆ ನನ್ನ ದುಡ್ಡು ವಾಪಸ್ ಬರುತ್ತದೆಯೇ?

ಉತ್ತರ: ಎರಡನೆಯದನ್ನು ಮೊದಲು ಮುಗಿಸಿಬಿಡೋಣ. ವಾಪಸ್ ಬರುತ್ತದೆಂದು ನಂಬಿಕೊಂಡು ಸಾಲ ಮಾಡಬೇಡಿ. ಸೋತವರು ಗೆದ್ದವರ ಖರ್ಚು ಕೊಡುವುದು ಸಿವಿಲ್ ದಾವೆಗಳ ವಾಡಿಕೆ, ನಿಜ. ಆದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 35ನೇ ಕಲಮು ಅದನ್ನು ನ್ಯಾಯಾಧೀಶರ ವಿವೇಚನೆಗೆ ಬಿಟ್ಟಿದೆ. ಗಂಡ ಹೆಂಡತಿ ಕೇಸುಗಳಲ್ಲಿ ಅವರವರ ಖರ್ಚು ಅವರವರದು ಎಂದು ತೀರ್ಪು ಮುಗಿಯುವುದೇ ಹೆಚ್ಚು.

ಹಾಗಾಗಿ ಕೇಸು ನಡೆಯುತ್ತಿರುವಾಗಲೇ ಕೇಳಬೇಕು. ನಿಮ್ಮದು ಹಿಂದೂ ವಿವಾಹ ಕಾಯ್ದೆ, 1955ರ ಅಡಿಯ ಮದುವೆಯಾದರೆ ಅದರ 24ನೇ ಕಲಮು ಇರುವುದೇ ಇದಕ್ಕೆ. ಬದುಕಿಗೂ ಕೇಸಿನ ಖರ್ಚಿಗೂ ಸಾಕಾಗುವಷ್ಟು ಸ್ವಂತ ಆದಾಯ ಇಲ್ಲದವರಿಗೆ ಎದುರಿನವರು ಮಧ್ಯಂತರ ಜೀವನಾಂಶದ (ಕೇಸು ಮುಗಿಯುವವರೆಗಿನ ಜೀವನಾಂಶ) ಜೊತೆ ದಾವಾ ಖರ್ಚನ್ನೂ ಕೊಡಬೇಕೆಂದು ಕೋರ್ಟು ಆದೇಶಿಸಬಹುದು. ಕೇಸು ಹಾಕಿದ್ದು ಯಾರು, ತಪ್ಪು ಯಾರದು ಎಂಬುದು ಇಲ್ಲಿ ಮುಖ್ಯವಲ್ಲ. ಯಾರ ಜೇಬಿನಲ್ಲಿ ಎಷ್ಟಿದೆ ಎಂಬುದೇ ಲೆಕ್ಕ. ಈ ಕಲಮಿನಡಿ ಗಂಡನೂ ಕೇಳಬಹುದು. ದುಡಿಯುವ ಶಕ್ತಿಯಿದ್ದೂ ಸುಮ್ಮನೆ ಕೂತವನಿಗೆ ಕೋರ್ಟು ಸುಲಭಕ್ಕೆ ಮಣಿಯುವುದಿಲ್ಲ, ಅದು ಬೇರೆ ಮಾತು. ಮದುವೆ 1954ರ ವಿಶೇಷ ವಿವಾಹ ಕಾಯ್ದೆಯಡಿ ಆಗಿದ್ದರೆ ಅದರ 36ನೇ ಕಲಮಿನಲ್ಲಿ ಈ ಹಕ್ಕು ಹೆಂಡತಿಗೆ ಮಾತ್ರ.

ಅರ್ಜಿ ತಾನಾಗಿ ಹುಟ್ಟುವುದಿಲ್ಲ, ನೀವೇ ಹಾಕಿಸಬೇಕು. ಜೀವನಾಂಶ ಕೇಳಿ ದಾವಾ ಖರ್ಚಿನ ಮಾತೇ ಎತ್ತದ ಅರ್ಜಿಗಳೂ ಇರುತ್ತವೆ, ಆದ್ದರಿಂದ ಸಹಿ ಹಾಕುವ ಮುನ್ನ ಓದಿ ನೋಡಿ. ಎದುರಿನವರಿಗೆ ನೋಟಿಸ್ ಜಾರಿಯಾದ ಮೇಲೆ ಸಾಧ್ಯವಾದಷ್ಟೂ 60 ದಿನಗಳೊಳಗೆ ಅರ್ಜಿ ಇತ್ಯರ್ಥವಾಗಬೇಕೆಂದು ಕಾಯ್ದೆ ಹೇಳುತ್ತದೆ. ಆ ‘ಸಾಧ್ಯವಾದಷ್ಟೂ’ ಎಂಬ ಪದ ಎಷ್ಟು ಹಿಗ್ಗುತ್ತದೆಂದು ಕೋರ್ಟಿಗೆ ಅಲೆದವರಿಗೆ ಗೊತ್ತು.

ಮೊತ್ತ ಎಷ್ಟೆಂದು ಕಾಯ್ದೆ ಹೇಳಿಲ್ಲ. ಇಬ್ಬರ ಆದಾಯ ನೋಡಿ ನ್ಯಾಯಾಧೀಶರು ನಿಗದಿ ಮಾಡುತ್ತಾರೆ. ವಕೀಲರಿಗೆ ಕೊಟ್ಟಷ್ಟೂ ಕೈಗೆ ಬರುತ್ತದೆಂಬ ಖಾತ್ರಿಯಿಲ್ಲ. ರಜನೀಶ್ ವಿರುದ್ಧ ನೇಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರಲ್ಲಿ ಕೊಟ್ಟ ತೀರ್ಪಿನಿಂದ ಜೀವನಾಂಶದ ಅರ್ಜಿಗಳಲ್ಲಿ ಇಬ್ಬರೂ ಆಸ್ತಿ, ಆದಾಯ, ಸಾಲಗಳ ಅಫಿಡವಿಟ್ ಸಲ್ಲಿಸಬೇಕಾಗಿದೆ. ‘ನನಗೆ ಸಂಬಳವೇ ಇಲ್ಲ’ ಎನ್ನುವ ಗಂಡ ಅದನ್ನೇ ಪ್ರಮಾಣ ಮಾಡಿ ಬರೆದುಕೊಡಬೇಕು. ನೀವೂ ಅಷ್ಟೇ: ಟ್ಯೂಷನ್ನಿನಿಂದ ಏನಾದರೂ ದುಡ್ಡು ಬರುತ್ತಿದ್ದು, ಅದನ್ನು ಮುಚ್ಚಿಟ್ಟು ಸಿಕ್ಕಿಬಿದ್ದರೆ ಉಳಿದ ಮಾತಿನ ಮೇಲೂ ನಂಬಿಕೆ ಹೋಗುತ್ತದೆ. ವಕೀಲರಿಗೆ ಕೊಟ್ಟ ಹಣಕ್ಕೆ ರಸೀದಿ, ಬಸ್ಸು ರೈಲಿನ ಟಿಕೆಟ್ಟು ಎತ್ತಿಡಿ.

ಆದೇಶವಾದ ಮೇಲೂ ಗಂಡ ಕೊಡದಿದ್ದರೆ ಅಮಲ್ಜಾರಿ ಅರ್ಜಿ (ಆದೇಶವನ್ನು ಜಾರಿ ಮಾಡಿಸುವ ಅರ್ಜಿ) ಹಾಕಿ ವಸೂಲಿ ಮಾಡಬಹುದು.

ಅಲ್ಲಿಯವರೆಗೆ ವಕೀಲರಿಗೆ ಏನು ಕೊಡುವುದು? 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನ ಪ್ರಕಾರ ಹೆಣ್ಣುಮಕ್ಕಳಿಗೆ ಉಚಿತ ಕಾನೂನು ನೆರವು ಇದೆ, ಆದಾಯದ ಮಿತಿಯಿಲ್ಲದೆ. ಇದು ಗೊತ್ತಿಲ್ಲದೆ ಒಡವೆ ಅಡ ಇಟ್ಟವರಿದ್ದಾರೆ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೋ ತಾಲ್ಲೂಕು ಸಮಿತಿಗೋ ಅರ್ಜಿ ಕೊಡಿ, ಸಹಾಯವಾಣಿ 15100. ಅಲ್ಲಿಂದ ಬಂದ ವಕೀಲರು ನಿಮ್ಮಿಂದ ಫೀಸು ಕೇಳುವಂತಿಲ್ಲ.

ಮುಂದೆ ಇಬ್ಬರೂ ಒಪ್ಪಿ ಹಿಂದೂ ವಿವಾಹ ಕಾಯ್ದೆಯ 13ಬಿ ಕಲಮಿನಡಿ ಬೇರೆಯಾಗುವ ಮಾತು ಬಂದರೆ ಖರ್ಚಿನ ವಿಷಯವನ್ನು ಬಾಯಿಮಾತಿಗೆ ಬಿಡಬೇಡಿ. ಇಂಥವರು ಇಷ್ಟು ಕೊಡತಕ್ಕದ್ದು, ಇಂಥ ದಿನದೊಳಗೆ ಎಂದು ರಾಜಿಪತ್ರದಲ್ಲೇ ಬರೆಸಿ.