ದಾರ ಬೇಡ, ಬ್ಲೇಡ್ ಹಾಕಿ ಬನ್ನಿ

ತುಳಸಿ ಲಗ್ನ ಮುಗಿಯಿತು ಅಂದರೆ ನಮ್ಮ ಕ್ಲಿನಿಕ್ಕಿಗೆ ಬೇಡದ ಕೂದಲು ತೆಗೆಸಲು ಲೇಸರ್ ಕೇಳಿಕೊಂಡು ಬರುವವರು ಜಾಸ್ತಿ ಆಗುತ್ತಾರೆ. ಮದುವೆ ಸೀಸನ್ ಅಲ್ವಾ. ಹುಬ್ಬಳ್ಳಿಯವರಷ್ಟೇ ಅಲ್ಲ, ಗದಗ, ಹಾವೇರಿ, ಬ್ಯಾಡಗಿ ಕಡೆಯಿಂದಲೂ ಬೆಳಗಿನ ಬಸ್ಸು ಹಿಡಿದು ಬರುತ್ತಾರೆ. ಅಷ್ಟು ದೂರದಿಂದ ಬಂದವರಿಗೆ "ಇವತ್ತು ಆಗಲ್ಲ, ತಿಂಗಳು ಬಿಟ್ಟು ಬನ್ನಿ" ಅನ್ನುವುದು ನನಗೇನೂ ಖುಷಿಯ ಕೆಲಸವಲ್ಲ. ಆದರೂ ವಾರಕ್ಕೆ ಒಬ್ಬರಿಗಾದರೂ ಅನ್ನಲೇಬೇಕಾಗುತ್ತದೆ.

ಹೋದ ವರ್ಷ ಗದಗಿನ ತಾಯಿ ಮಗಳು ಬಂದಿದ್ದರು. ಮಗಳಿಗೆ ಗದ್ದದ ಮೇಲೆ ದಪ್ಪ ಕೂದಲು. ಮೊದಲ ಭೇಟಿಯಲ್ಲೇ ಎಲ್ಲ ಹೇಳಿ, ಚೀಟಿಯಲ್ಲೂ ಬರೆದು ಕೊಟ್ಟಿದ್ದೆ. ಲೇಸರ್ ದಿನ ಬಂದಾಗ ಹುಡುಗಿಯ ಗದ್ದ ಬೆಣ್ಣೆಯ ಹಾಗೆ ನುಣ್ಣಗಿತ್ತು. ನನಗೆ ಅನುಮಾನ ಬಂತು. ಕೇಳಿದರೆ ತಾಯಿ ಹೆಮ್ಮೆಯಿಂದ, "ನಿನ್ನೆನ ಥ್ರೆಡ್ಡಿಂಗ್ ಮಾಡಿಸಿ ಕರ್ಕೊಂಡ ಬಂದೀನ್ರಿ ಡಾಕ್ಟ್ರ. ನಿಮಗೂ ಕೆಲಸ ಹಗುರ ಆಗ್ಲಿ ಅಂತ" ಅಂದರು.

ಅಷ್ಟು ಪ್ರೀತಿಯಿಂದ ಹೇಳಿದವರ ಮೇಲೆ ಸಿಟ್ಟು ಮಾಡುವುದಾದರೂ ಹೇಗೆ? "ಬ್ಲೇಡ್ ಹಾಕಿ ಅಂತ ಬರೆದಿದ್ದೆನಲ್ಲಾ ಅಮ್ಮಾ?" ಅಂದೆ. ಅವರು ದನಿ ತಗ್ಗಿಸಿದರು. "ಹೆಣ್ಣಮಕ್ಕಳು ಮಾರಿಗೆ ಬ್ಲೇಡ್ ಹಚ್ಚತಾರೇನ್ರಿ? ನಾಳೆ ಗಡ್ಡ ಬಂದ್ರ ಯಾರ್ ಮಾಡ್ಕೋತಾರ?"

ಈ ಒಂದು ಮಾತನ್ನು ನಾನು ದಿನಾ ಕೇಳುತ್ತೇನೆ. ಆದ್ದರಿಂದ ಇವತ್ತು ಇದೊಂದನ್ನೇ ಬಿಡಿಸಿ ಹೇಳುತ್ತೇನೆ.

ಲೇಸರ್‌ಗೆ ಕೂದಲು ಗೊತ್ತಿಲ್ಲ, ಕಪ್ಪು ಬಣ್ಣ ಮಾತ್ರ ಗೊತ್ತು. ಕೂದಲಿನಲ್ಲಿರುವ ಕಪ್ಪು, ಅಂದರೆ ಮೆಲನಿನ್, ಬೆಳಕನ್ನು ಹೀರಿಕೊಂಡು ಕಾಯುತ್ತದೆ. ಆ ಕಾವು ಬೇರಿಗೆ ಇಳಿದು, ಕೂದಲು ಹುಟ್ಟಿಸುವ ಜಾಗವನ್ನು ಸುಡುತ್ತದೆ. ಬೇಕಾದ ಬಣ್ಣವನ್ನಷ್ಟೇ ಕಾಯಿಸಿ ಸುತ್ತಲಿನ ಚರ್ಮ ಉಳಿಸುವ ಈ ತತ್ವವನ್ನು 1983ರಲ್ಲಿ ಅಮೆರಿಕದ ಆಂಡರ್ಸನ್ ಮತ್ತು ಪ್ಯಾರಿಶ್ ಬರೆದರು. ಇವತ್ತಿನ ಎಲ್ಲ ಮಷಿನ್‌ಗಳೂ ಅದರ ಮೇಲೇ ನಿಂತಿವೆ.

ನಮ್ಮ ಹೊಲದ ಲೆಕ್ಕದಲ್ಲಿ ಹೇಳುತ್ತೇನೆ. ಜೋಳ ಕೊಯ್ಯುತ್ತೇವೆ, ಶೇಂಗಾ ಕೀಳುತ್ತೇವೆ. ಜೋಳ ಕೊಯ್ದ ಮೇಲೆ ಕೂಳೆ ಉಳಿಯುತ್ತದೆ, ಬೇರು ನೆಲದಲ್ಲೇ ಇರುತ್ತದೆ. ಶೇಂಗಾ ಕಿತ್ತರೆ ಬೇರು ಸಮೇತ ಕೈಗೆ ಬರುತ್ತದೆ. ಶೇವಿಂಗ್ ಅಂದರೆ ಜೋಳದ ಕೊಯ್ಲು. ಥ್ರೆಡ್ಡಿಂಗ್, ವ್ಯಾಕ್ಸಿಂಗ್, ಚಿಮಟ, ಎಪಿಲೇಟರ್ ಎಲ್ಲವೂ ಶೇಂಗಾ ಕೀಳುವ ಕೆಲಸ. ಬೇರನ್ನೇ ಕಿತ್ತು ಬಂದರೆ ನಾನು ಬೆಳಕು ಬಿಡುವುದು ಯಾವುದಕ್ಕೆ? ಖಾಲಿ ಗುಂಡಿಗೆ. ದುಡ್ಡು ಹೋಯಿತು, ಬಸ್ ಚಾರ್ಜೂ ಹೋಯಿತು. ಅದಕ್ಕೇ ಕನಿಷ್ಠ ನಾಲ್ಕು ವಾರ ಕೀಳಬೇಡಿ ಅನ್ನುವುದು.

"ಹಂಗಾರ ಏನೂ ತೆಗೀದs ಬರ್ತೀವಿ" ಅನ್ನುವವರೂ ಇದ್ದಾರೆ. ಅದೂ ಬೇಡ. ಚರ್ಮದ ಮೇಲೆ ಕೂದಲು ಉಳಿದರೆ ಬೆಳಕಿನ ಶಕ್ತಿಯನ್ನು ಅದೇ ಮೊದಲು ನುಂಗುತ್ತದೆ. ಅದು ಸೀಯುತ್ತದೆ, ವಾಸನೆ ಬರುತ್ತದೆ, ಕೆಳಗಿನ ಚರ್ಮವನ್ನೂ ಸುಡುತ್ತದೆ. ಮೇಲೆ ಏನೂ ಇರಬಾರದು, ಕೆಳಗೆ ಬೇರು ಇರಬೇಕು. ಇದನ್ನು ಸುಲಭವಾಗಿ ಮಾಡಿಕೊಡುವುದು ಬ್ಲೇಡ್.

ಇನ್ನು ಗಡ್ಡ ಬರುವ ಭಯ. ಬ್ಲೇಡ್ ಚರ್ಮದ ಒಳಗೆ ಹೋಗುವುದೇ ಇಲ್ಲ. ಬೇರಿಗೆ ಅದರ ಸುದ್ದಿಯೂ ಮುಟ್ಟುವುದಿಲ್ಲ. 1928ರಲ್ಲೇ ಮಿಲ್ಡ್ರೆಡ್ ಟ್ರಾಟರ್ ಎಂಬ ಅಮೆರಿಕದ ವಿಜ್ಞಾನಿ ಅಳತೆ ಮಾಡಿ ನೋಡಿದ್ದರು. ಶೇವಿಂಗ್‌ನಿಂದ ಕೂದಲು ದಪ್ಪವೂ ಆಗಲಿಲ್ಲ, ಬೇಗ ಬೆಳೆಯಲೂ ಇಲ್ಲ. ಮತ್ತೆ ಕೈಗೆ ಒರಟು ಹತ್ತುತ್ತದಲ್ಲ? ಬರಿಗಾಲಿನಲ್ಲಿ ಜೋಳದ ಕೂಳೆಯ ಮೇಲೆ ನಡೆದವರಿಗೆ ಗೊತ್ತು. ದಂಟು ಅದೇ, ಕತ್ತರಿಸಿದ ತುದಿ ಚುಚ್ಚುತ್ತದೆ. ನಿಜಕ್ಕೂ ಗದ್ದದ ಕೂದಲು ತಿಂಗಳಿಂದ ತಿಂಗಳಿಗೆ ಹೆಚ್ಚುತ್ತಿದ್ದರೆ, ಜೊತೆಗೆ ಮುಟ್ಟು ಏರುಪೇರಾಗಿದ್ದರೆ, ಬ್ಲೇಡನ್ನು ಬೈಯಬೇಡಿ. ಪಿಸಿಒಎಸ್, ಅಂದರೆ ಹಾರ್ಮೋನ್ ಏರುಪೇರಿನ ತೊಂದರೆ, ಇರಬಹುದು. ಮೊದಲು ಅದರ ತಪಾಸಣೆ ಆಗಲಿ. ಅದನ್ನು ಬಿಟ್ಟು ಸುಮ್ನೆ ಲೇಸರ್ ಹೊಡೆಯುತ್ತಾ ಹೋದರೆ ಹೊಸ ಕೂದಲು ಬರುತ್ತಲೇ ಇರುತ್ತದೆ.

ಶೇವ್ ಮಾಡುವುದು ಹಿಂದಿನ ದಿನ ಸಾಕು. ಚರ್ಮ ಒದ್ದೆ ಮಾಡಿ, ಹೊಸ ರೇಜರ್‌ನಲ್ಲಿ, ಕೂದಲು ಮಲಗಿದ ದಿಕ್ಕಿಗೆ. ಮನೆಯವರ ರೇಜರ್ ಬೇಡ. ಗಾಯ ಆದರೆ ಪಟಿಕ ಉಜ್ಜಿ ಮುಚ್ಚಿಕೊಂಡು ಬರಬೇಡಿ, ನನಗೆ ಹೇಳಿ. ಎರಡು ಸಿಟ್ಟಿಂಗ್‌ಗಳ ನಡುವೆ ಕೂದಲು ಕಂಡರೂ ಬ್ಲೇಡೇ, ದಾರ ಅಲ್ಲ. ಬೆಳೆಯುವ ಹಂತದಲ್ಲಿರುವ ಕೂದಲಿಗೆ ಮಾತ್ರ ಬೆಳಕು ಸರಿಯಾಗಿ ತಾಗುತ್ತದೆ. ಅದಕ್ಕೇ ಮುಖಕ್ಕೆ ನಾಲ್ಕರಿಂದ ಆರು ವಾರಕ್ಕೊಮ್ಮೆ, ಹಲವು ಸಲ ಬರಬೇಕಾಗುತ್ತದೆ. ನಿಮ್ಮ ಡಾಕ್ಟರು ನಿಮ್ಮ ಚರ್ಮ ನೋಡಿ ಬೇರೆ ಲೆಕ್ಕ ಹೇಳಿದ್ದರೆ ಅದನ್ನೇ ಪಾಲಿಸಿ.

ಈಗ ಹೊಸ ತಲೆನೋವು ಮನೆಯಲ್ಲೇ ಕೂದಲು ತೆಗೆಯುವ ಮಷಿನ್‌ಗಳು. ಧಾರವಾಡದ ಒಬ್ಬ ಕಾಲೇಜು ಹುಡುಗಿ ಕಾಲಿನ ಮೇಲೆ ಸಾಲಾಗಿ ಬಿಸ್ಕತ್ತಿನ ಆಕಾರದ ಕಲೆ ಮಾಡಿಕೊಂಡು ಬಂದಿದ್ದಳು. ಐಪಿಎಲ್ ಅನ್ನುವ ಫ್ಲ್ಯಾಶ್ ಲೈಟ್. ದಿನಾ ಬಿಸಿಲಲ್ಲಿ ಸ್ಕೂಟಿ ಓಡಿಸಿ ಕಾಲು ಕಪ್ಪಾಗಿತ್ತು, ಶೇವಿಂಗೂ ಮಾಡಿರಲಿಲ್ಲ. ಮೆಲನಿನ್ ಕೂದಲಿನ ಸ್ವತ್ತಲ್ಲ, ನಮ್ಮ ಚರ್ಮದಲ್ಲೂ ಬೇಕಾದಷ್ಟಿದೆ. ಬೆಳಕಿಗೆ ಎರಡೂ ಒಂದೇ. ಅದಕ್ಕೇ ಗಾಢ ಬಣ್ಣದವರಿಗೆ ನಾವು 1064 ನ್ಯಾನೋಮೀಟರ್ ತರಂಗಾಂತರದ ಲೇಸರ್ ಕಡೆ ವಾಲುತ್ತೇವೆ. ಮೇಲಿನ ಚರ್ಮ ಅದನ್ನು ಕಡಿಮೆ ಹೀರುತ್ತದೆ.

ಇನ್ನೊಬ್ಬ ಹುಡುಗ ಕೆಂಪು ಲೈಟು ಹೊತ್ತಿಕೊಳ್ಳುವ ರೇಜರ್ ತಂದು ತೋರಿಸಿದ. ಇದರಿಂದ ನಿಧಾನಕ್ಕೆ ಗಡ್ಡ ನಿಲ್ಲುತ್ತದಾ ಅಂತ ಪ್ರಶ್ನೆ. ನನಗೆ ನಗು ತಡೆಯಲಾಗಲಿಲ್ಲ. 1967ರಲ್ಲಿ ಹಂಗೇರಿಯ ಎಂಡ್ರೆ ಮೆಸ್ಟರ್ ಇಲಿಗಳ ಬೆನ್ನು ಬೋಳಿಸಿ ಕಡಿಮೆ ಶಕ್ತಿಯ ಕೆಂಪು ಲೇಸರ್ ಬಿಟ್ಟರು. ಬೆಳಕು ಬಿದ್ದ ಇಲಿಗಳಿಗೆ ಕೂದಲು ಬೇಗ ಬಂತು! ಅಂಥ ಬೆಳಕನ್ನು ಈಗ ತಲೆಗೂದಲು ಬೆಳೆಸಲು ಬಳಸುತ್ತಾರೆ. ರೇಜರ್‌ನ ಆ ಸಣ್ಣ ಬಲ್ಬಿನಿಂದ ಗಡ್ಡ ಹೆಚ್ಚುತ್ತದೆ ಅಂತ ನಾನು ಹೇಳುತ್ತಿಲ್ಲ. ಅಷ್ಟು ಹೊತ್ತು ಅದು ಒಂದು ಕಡೆ ನಿಲ್ಲುವುದೂ ಇಲ್ಲ. ಗಡ್ಡ ನಿಲ್ಲುತ್ತದೆ ಅನ್ನುವ ಆಸೆ ಬಿಡಿ, ಅಷ್ಟೇ. ಶೇವಿಂಗ್‌ಗೆ ರೇಜರ್ ಚೆನ್ನಾಗಿದ್ದರೆ ಬಳಸಿ.

ಗದಗಿನ ಹುಡುಗಿ ತಿಂಗಳು ಬಿಟ್ಟು ಬಂದಳು, ಶೇವ್ ಮಾಡಿಕೊಂಡೇ. ಆಮೇಲೆ ಒಂದು ಸಲವೂ ತಪ್ಪಿಸಲಿಲ್ಲ. ನಾಲ್ಕನೇ ಸಿಟ್ಟಿಂಗ್ ಹೊತ್ತಿಗೆ ಅವಳಿಗಿಂತ ತಾಯಿಗೇ ಉಮೇದಿ. ಮಗಳನ್ನು ಹೊರಗೆ ಕಳಿಸಿ, ಸೆರಗು ಸರಿಸಿ, ತಮ್ಮ ಗದ್ದ ಮುಂದೆ ಮಾಡಿದರು. "ನನಗೂ ಒಂದೆರಡು ಅದಾವ್ರಿ. ಬ್ಲೇಡ್ ಹಾಕ್ಕೊಂಡ ಬರ್ಲೇನ್ರಿ?"

ಲೆನ್ಸ್ ಹಿಡಿದು ನೋಡಿದೆ. ಮೂರು ಕೂದಲು. ಮೂರೂ ಬೆಳ್ಳಗೆ. ಬಿಳಿ ಕೂದಲಲ್ಲಿ ಬೆಳಕು ಹಿಡಿಯುವ ಬಣ್ಣವೇ ಇಲ್ಲ.

"ನಿಮಗೆ ಲೇಸರ್ ಉಪಯೋಗ ಇಲ್ಲ ಅಮ್ಮಾ. ದಾರವೇ ಸರಿ" ಅಂದೆ.

ಅವರು ನನ್ನನ್ನೇ ನೋಡಿದರು. "ಮತ್ತ ಅವತ್ತ ದಾರಕ್ಕ ಅಷ್ಟ ಯಾಕ ಬೈದ್ರಿ?"