ಮೊಹೊ ಲೆಕ್ಕ: ಆ 7.7 ಸೆಕೆಂಡು ಎಲ್ಲಿಂದ ಬಂತು?

1909ರ ಅಕ್ಟೋಬರ್ 8ರಂದು ಕ್ರೊಯೇಷಿಯಾದ ಜಾಗ್ರೆಬ್ ಹತ್ತಿರ ಭೂಕಂಪವಾಯಿತು. ಅದರ ದಾಖಲೆಗಳನ್ನು ಜೋಡಿಸಿ ನೋಡಿದ ಭೂಕಂಪ ವಿಜ್ಞಾನಿ ಆಂದ್ರಿಯಾ ಮೊಹೊರೊವಿಚಿಚ್‌ಗೆ ಕೆಲವು ದೂರಗಳಲ್ಲಿ ಪಿ ಅಲೆ (ಭೂಕಂಪದ ಅಲೆಗಳಲ್ಲಿ ಅತಿ ವೇಗದ್ದು) ಎರಡೆರಡು ಸಲ ಬಂದದ್ದು ಕಂಡಿತು. ಒಂದು ಭೂಮಿಯ ಹೊರಪದರವಾದ ತೊಗಟೆಯೊಳಗೇ ನೇರ ಬಂದದ್ದು. ಇನ್ನೊಂದು ಕೆಳಗಿಳಿದು, ತೊಗಟೆಯ ಕೆಳಗಿನ ಪದರವಾದ ಮ್ಯಾಂಟಲ್‌ನ ಮೇಲಂಚಿನಲ್ಲಿ ಓಡಿ, ಮತ್ತೆ ಮೇಲೆದ್ದದ್ದು. ತೊಗಟೆಗೂ ಮ್ಯಾಂಟಲ್‌ಗೂ ನಡುವಿನ ಆ ಗಡಿಯೇ ಮೊಹೊ.

ಲೆಕ್ಕಕ್ಕೆ ತೊಗಟೆಯಲ್ಲಿ ವೇಗ ಸೆಕೆಂಡಿಗೆ 6 ಕಿ.ಮೀ., ಮ್ಯಾಂಟಲ್‌ನಲ್ಲಿ 8, ಮೊಹೊ ಆಳ 35 ಕಿ.ಮೀ. ಅಂತಿಟ್ಟುಕೊಳ್ಳಿ. ಕಂಪನ ನೆಲಮಟ್ಟದಲ್ಲೇ ಆಯಿತೆನ್ನೋಣ.

ನೇರ ಅಲೆಯ ಸಮಯ: ದೂರ ÷ 6.
ಮೊಹೊ ಅಲೆಯದು: ದೂರ ÷ 8 + 7.7.

ಈ 7.7 ನನ್ನ ಎರಡು ಸಂಜೆ ತಿಂದಿತು. ಕೆಳಗೆ 35, ಮೇಲೆ 35, ಒಟ್ಟು 70. ಆರರಿಂದ ಭಾಗಿಸಿದರೆ 11.7 ಬರಬೇಕಲ್ಲ? ಎಷ್ಟು ಸಲ ಮಾಡಿದರೂ ಅದೇ. ತಪ್ಪಿದ್ದದ್ದು ಚಿತ್ರದಲ್ಲಿ: ನಾನು ಅಲೆಯನ್ನು ಬಾವಿಗೆ ಕೊಡ ಬಿಟ್ಟ ಹಾಗೆ ನೆಟ್ಟಗೆ ಇಳಿಸಿದ್ದೆ. ಅದು ಇಳಿಯುವುದು ಓರೆಯಾಗಿ, ಲಂಬಕ್ಕೆ 48.6 ಡಿಗ್ರಿ ಕೋನದಲ್ಲಿ (ಸೈನ್ ಬೆಲೆ 6/8). ಹಾಗಾಗಿ ಎರಡು ಓರೆ ದಾರಿ ಸೇರಿ ಸುಮಾರು 106 ಕಿ.ಮೀ., ಸಮಯ 17.6 ಸೆಕೆಂಡು. ಅಯ್ಯೋ, ಇನ್ನೂ ಜಾಸ್ತಿಯಾಯಿತಲ್ಲ! ಆದರೆ ಓರೆಯಾಗಿ ಇಳಿದು ಹತ್ತುವಾಗಲೇ ಅಲೆ ಅಡ್ಡಕ್ಕೂ 79 ಕಿ.ಮೀ. ಮುಂದೆ ಹೋಗಿರುತ್ತದೆ. 'ದೂರ ÷ 8' ಎಂದಾಗ ಆ 79ಕ್ಕೂ 9.9 ಸೆಕೆಂಡು ಕೊಟ್ಟಾಗಿದೆ. 17.6ರಲ್ಲಿ ಅದನ್ನು ಕಳೆದರೆ 7.7. ಇಳಿದು ಹತ್ತಿದ್ದಕ್ಕೆ ತೆತ್ತ ಹೆಚ್ಚುವರಿ ಸುಂಕ ಇಷ್ಟೇ, ದೂರ ಎಷ್ಟಾದರೂ ಬದಲಾಗದು.

100 ಕಿ.ಮೀ.ನಲ್ಲಿ ನೇರ ಅಲೆ 16.7 ಸೆಕೆಂಡಿಗೆ, ಮೊಹೊ ಅಲೆ 20.2ಕ್ಕೆ. 185ರಲ್ಲಿ ಸಮಸಮ. 300ರಲ್ಲಿ ನೇರ ಅಲೆ 50 ಸೆಕೆಂಡಿಗೆ, ಮೊಹೊ ಅಲೆ 45.2ಕ್ಕೆ, ಸುತ್ತಿ ಬಂದದ್ದೇ ಮೊದಲು.

ನಿಜವಾದ ಕೆಲಸ ಉಲ್ಟಾ: ಆಳ ಗೊತ್ತಿಲ್ಲ, ಸಮಯ ಮಾತ್ರ ಗೊತ್ತು. ದೂರ-ಸಮಯದ ಗ್ರಾಫಿನಲ್ಲಿ ಮೊಹೊ ಅಲೆಯ ಗೆರೆಯನ್ನು ದೂರ ಸೊನ್ನೆಯಾಗುವವರೆಗೆ ಹಿಂದಕ್ಕೆ ಎಳೆದರೆ ಸುಂಕ ಸಿಗುತ್ತದೆ. ನನ್ನ ಅಡ್ಡದಾರಿ: ಅದನ್ನು 4.5ರಿಂದ ಗುಣಿಸಿ, ಆಳ ಬಂತು. (6 ಮತ್ತು 8ಕ್ಕೆ ಮಾತ್ರ! ವೇಗ ಬದಲಾದರೆ ಇದನ್ನು ಮರೆತುಬಿಡಿ.)

ಎಸ್ ಅಲೆಗೂ (ಪಿ ಆದಮೇಲೆ ಬರುವ, ನಿಧಾನದ ಅಲೆ) ಇದೇ ವಿಧಾನ, ವೇಗ ಬೇರೆ.

ನಮ್ಮ ಕಡೆ ಧಾರವಾಡ ಕ್ರೇಟಾನ್‌ನ (ದಕ್ಷಿಣ ಭಾರತದ ಹಳೆಯ ಶಿಲಾಭಾಗ, ಧಾರವಾಡ ಜಿಲ್ಲೆಯಲ್ಲ) ಪೂರ್ವ ಭಾಗದಲ್ಲಿ ತೊಗಟೆ 35 ಕಿ.ಮೀ. ಆಸುಪಾಸು; ಪಶ್ಚಿಮದಲ್ಲಿ 40ರಿಂದ 50. ಅದೇ ವೇಗ ಇಟ್ಟುಕೊಂಡು 45ಕ್ಕೆ ಮಾಡಿ ನೋಡಿದೆ: ಸುಂಕ 9.9 ಸೆಕೆಂಡು, ಸಮಸಮ ಆಗುವುದು 238 ಕಿ.ಮೀ.ನಲ್ಲಿ.